ಒರಳಿನ ಸುತ್ತ ಕೂರಲು ಯಾರ ಅಪ್ಪಣೆ ಬೇಕು?

ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಊರಿಗೆ ಬಂದ ತರುಣನೊಬ್ಬ ಮೊನ್ನೆ ಜಗಲಿಯಲ್ಲಿ ಕುಳಿತು ಅಲ್ಲಿನ ತನ್ನ ಆದಿತ್ಯವಾರಗಳನ್ನು ವರ್ಣಿಸುತ್ತಿದ್ದ. ಹತ್ತು ಹನ್ನೆರಡು ಮಂದಿ ಅಪರಿಚಿತರು ಒಂದು ಮನೆಯಲ್ಲಿ ಸೇರುತ್ತಾರಂತೆ. ಕಲಿಸಲು ಒಬ್ಬರು ಇರುತ್ತಾರಂತೆ. ಎಲ್ಲರೂ ತಮ್ಮ ತಮ್ಮ ಕೈಯಾರೆ ಹೆಚ್ಚಿ, ಅರೆದು, ಬೇಯಿಸಿ, ಕೊನೆಗೆ ಒಟ್ಟಿಗೆ ಕುಳಿತು ಉಣ್ಣುತ್ತಾರಂತೆ. ಇದಕ್ಕೆ ಮುಂಚಿತವಾಗಿ ಹಣ ಕಟ್ಟಿ ಹೆಸರು ನೋಂದಾಯಿಸಬೇಕು. ಸಂಜೆಯಾದರೆ ಅಲ್ಲಿಯೇ ಕಾಯಿಸಿ, ಅಲ್ಲಿಯೇ ಹುಳಿಯಿಸಿ, ಅಲ್ಲಿಯೇ ಕೊಡುವ ಬಿಯರಿನ ಮನೆಗೆ ಗೆಳೆಯರೊಡನೆ ಹೋಗುವುದುಂಟು ಎಂದೂ, ಹಿರಿಯರು ಕೇಳದಂತೆ ದನಿ ತಗ್ಗಿಸಿ, ಸೇರಿಸಿದ.

"ಎಂತ ಕಲಿತದ್ದು ಮಗಾ, ಆ ಪಾಠದಲ್ಲಿ?" ಎಂದು ಒಳಗಿನಿಂದ ಅವನ ಅಜ್ಜಿ ಕೇಳಿದರು.

"ನೀರುದೋಸೆ, ಅಜ್ಜೀ."

ಅಜ್ಜಿ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ನಗೆ ನಮ್ಮೊಡನೆ ಬರಲಿಲ್ಲ. ಆ ತರುಣ ಇಪ್ಪತ್ತು ವರ್ಷ ಆ ಅಜ್ಜಿಯ ನೀರುದೋಸೆಯನ್ನು ತಿಂದವನು. ಅಕ್ಕಿಯನ್ನು ಎಷ್ಟು ನುಣ್ಣಗೆ ಅರೆಯಬೇಕು, ಹಿಟ್ಟು ಎಷ್ಟು ತೆಳ್ಳಗಿರಬೇಕು, ಕಾವಲಿ ಕಾದದ್ದನ್ನು ಹೇಗೆ ತಿಳಿಯಬೇಕು ಎಂದು ಹೇಳಿಕೊಡಲು ಮನೆಯಲ್ಲಿ ಯಾರೂ ಅವನನ್ನು ಒಲೆಯ ಬಳಿಗೆ ಕರೆಯಲಿಲ್ಲ. "ನೀನು ಓದು, ಇದು ನಿನ್ನ ಕೆಲಸವಲ್ಲ" ಎಂದೆವು. ಅವನು ಓದಿದ, ಕೆಲಸ ಹಿಡಿದ, ಹಣ ಸಂಪಾದಿಸಿದ. ಆ ಹಣವನ್ನು ತೆತ್ತು ನೀರುದೋಸೆ ಕಲಿತ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಕಲಿಯುವ ಆಸೆ ಅವನಲ್ಲಿ ಇತ್ತೆಂಬುದಕ್ಕೆ ನಾವು ಸಂತೋಷಪಡಬೇಕು. ಕಲಿಸುವ ಮನಸ್ಸು ನಮ್ಮಲ್ಲಿ ಇರಲಿಲ್ಲವೆಂಬುದಕ್ಕೆ ನಾಚಬೇಕು.

ಮೊದಲು ಪೇಟೆಯ ಬಿಯರಿನ ಮಾತನ್ನೇ ನೋಡೋಣ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟರೆ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಸೋಸಿದ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಒಂದೆರಡು ವಾರ ಬಿಡುತ್ತಾರೆ. 2010ರ ಸುಮಾರಿನಿಂದ ಬೆಂಗಳೂರಿನಲ್ಲಿ ಇಂಥ ಮೈಕ್ರೋಬ್ರೂವರಿಗಳು ಒಂದೊಂದಾಗಿ ತೆರೆದವು. ಅದನ್ನು ‘ಊರಿನ ಬಿಯರ್’ ಎನ್ನುತ್ತಾರೆ. ಆದರೆ ಆ ಬಾರ್ಲಿ ಉತ್ತರ ಹಿಂದೂಸ್ಥಾನದ ಹೊಲದ್ದು ಅಥವಾ ಹೊರದೇಶದ್ದು. ಹಾಪ್ಸ್ ಹೆಚ್ಚಾಗಿ ಹಡಗು ಹತ್ತಿ ಬಂದದ್ದು. ಊರಿನದೆಂದರೆ ನೀರು ಮತ್ತು ಮಾಡಿದವನ ಕೈ.

ಹಾಗೆಂದು ನಾವು ಅದನ್ನು ಹೀಗಳೆಯುವುದಿಲ್ಲ. ಕಾರ್ಖಾನೆಯ ಬಾಟ್ಲಿಯಲ್ಲಿ ಇಲ್ಲದ ಒಂದು ಗುಣ ಅದರಲ್ಲಿದೆ. ಮಾಡಿದವನು ಕಣ್ಣೆದುರಿಗೆ ಇರುತ್ತಾನೆ. ಇವತ್ತಿನದಕ್ಕೂ ಹೋದ ವಾರದ್ದಕ್ಕೂ ರುಚಿಯಲ್ಲಿ ವ್ಯತ್ಯಾಸವೇಕೆಂದು ಅವನನ್ನು ಕೇಳಬಹುದು. ಸ್ವಲ್ಪ ಮಾಡುತ್ತಾನೆ, ಹಸನಾಗಿ ಮಾಡುತ್ತಾನೆ, ಮಾಡಿದಲ್ಲಿಯೇ ಅದು ಮುಗಿಯುತ್ತದೆ. ವಿದ್ಯಾವಂತ ತರುಣರು ಇಷ್ಟು ಬೆಲೆ ತೆರುವುದು ಈ ಗುಣಕ್ಕೆ ಎಂದು ನಾವು ತಿಳಿಯುತ್ತೇವೆ. ಹಾಗಾದರೆ ಇದೇ ಅಳತೆಗೋಲನ್ನು ಹಿಡಿದು ನಮ್ಮೂರಿನ ತೋಟಕ್ಕೆ ಬರೋಣ.

ಕಳ್ಳಿನ ಹೆಸರೆತ್ತಿದರೆ ಕೆಲವು ವಾಚಕರು ಹುಬ್ಬೇರಿಸುವರೆಂದು ಬಲ್ಲೆವು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೇನು ಎಂದು ಕೇಳಬಹುದು. ಕುಡಿತದಿಂದ ಹಾಳಾದ ಸಂಸಾರಗಳನ್ನು ನಾವೂ ನೋಡಿದ್ದೇವೆ. ಮದ್ಯವನ್ನು ಮಾಡಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದು ಎಂದು ಶ್ರೀ ನಾರಾಯಣ ಗುರುಗಳು ಬೋಧಿಸಿದ್ದು, ಕಳ್ಳು ಇಳಿಸುವುದೇ ಕುಲಕಸುಬೆಂದು ಲೋಕ ಕಟ್ಟಿಹಾಕಿದ್ದ ಜನರ ನಡುವೆಯೇ ನಿಂತು. ಆ ಬೋಧನೆಯ ಹಿಂದಿದ್ದ ನೋವನ್ನು ಅರಿಯದೆ ಕಳ್ಳನ್ನು ಹಾಡಿಹೊಗಳುವುದು ಅವಿವೇಕ. ಕೇರಳದಲ್ಲಿ 1996ರಲ್ಲಿ, ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಕುಡಿಯದವರು ಕುಡಿಯಲೆಂದು ನಾವು ಈ ಲೇಖನವನ್ನು ಬರೆಯುತ್ತಿಲ್ಲ.

ನಾವು ಹೇಳುವುದು ಕಸುಬಿನ ಮಾತು. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ಒಡೆಯದಂತೆ, ಆದರೆ ಒಳಗಿನ ಹೂವು ಮೆತ್ತಗಾಗುವಂತೆ, ದಿನವೂ ಹದವಾಗಿ ಬಡಿದು, ತುದಿಯನ್ನು ಎಳೆಎಳೆಯಾಗಿ ಕೆತ್ತಬೇಕು. ಕೆಲವು ದಿನಗಳ ಅನಂತರ ರಸ ಒಸರತೊಡಗುತ್ತದೆ. ಆಮೇಲೆ ಮಳೆಯಿರಲಿ ಬಿಸಿಲಿರಲಿ, ಮುಂಜಾನೆಯೂ ಸಂಜೆಯೂ ಮರ ಹತ್ತಲೇಬೇಕು. ಒಂದು ಹೊತ್ತು ತಪ್ಪಿದರೆ ಮರ ಮುನಿಸಿಕೊಳ್ಳುತ್ತದೆ ಎನ್ನುತ್ತಾರೆ ಅವರು. ಕತ್ತಿ ಒಂದು ಕೂದಲೆಳೆಯಷ್ಟು ಹೆಚ್ಚು ಹೋದರೆ ಹೊಂಬಾಳೆ ಬೇಗನೆ ಮುಗಿಯುತ್ತದೆ, ಕಡಿಮೆಯಾದರೆ ರಸ ಕಟ್ಟುತ್ತದೆ. ಇದನ್ನು ಯಾವ ಪುಸ್ತಕವೂ ಕಲಿಸಲಾರದು. ಅಪ್ಪನ ಹಿಂದೆಯೇ ಮರ ಹತ್ತಿದ ಮಗನಿಗೆ ಮಾತ್ರ ಇದು ಬರುತ್ತಿತ್ತು.

ಇಳಿಸಿದ ಕೂಡಲೇ ಆ ರಸ ಸಿಹಿ. ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಅದನ್ನು ನೊರೆಗಟ್ಟಿಸುತ್ತದೆ. ಸಂಜೆಗೆ ಅದು ಖಾರ, ಮರುದಿನ ಹುಳಿ, ಇನ್ನೂ ಬಿಟ್ಟರೆ ವಿನೆಗರ್. ಬಿಯರಿಗೆ ವಾರಗಳು ಬೇಕಾದರೆ ಕಳ್ಳಿಗೆ ಒಂದು ಹಗಲು ಸಾಕು. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯುವುದು ತಡೆಯುತ್ತದೆ. ಹಾಗೆ ತಡೆದ ತಾಳೆಮರದ ರಸವನ್ನು ಕಾಯಿಸಿದರೆ ನಮ್ಮ ಅಜ್ಜಂದಿರು ಬಲ್ಲ ಓಲೆಬೆಲ್ಲ. ಅದೇ ಕಳ್ಳು ಅಕ್ಕಿಹಿಟ್ಟಿಗೆ ಬಿದ್ದರೆ ಕೊಂಕಣಿ ಕ್ರೈಸ್ತ ಮನೆಗಳ ಸಾನ್ನಾಂ, ಮಲಯಾಳಿ ಮನೆಗಳ ಕಳ್ಳಪ್ಪಂ. ಕನ್ನಡದಲ್ಲಿ ಕಳ್ಳು, ತುಳುವಿನಲ್ಲಿ ಕಲಿ, ಮಲಯಾಳದಲ್ಲಿ ಕಳ್ಳ್. ಬಡಗಣ ಮಲಬಾರಿನ ಮುತ್ತಪ್ಪನಿಗೆ ಅದುವೇ ನೈವೇದ್ಯ. ಮಾಡುವವನು ಕಣ್ಣೆದುರಿಗೆ ಇದ್ದಾನೆ, ಮರ ಅಂಗಳದಲ್ಲಿ ಇದೆ, ಸ್ವಲ್ಪವೇ ಆಗುತ್ತದೆ, ಅಂದಿನದು ಅಂದಿಗೇ. ಪೇಟೆಯಲ್ಲಿ ಬೆಲೆ ತೆತ್ತು ಹುಡುಕುವ ಗುಣಗಳೆಲ್ಲವೂ ಇಲ್ಲಿವೆ. ಆದರೆ ಬಿಯರ್ ಕಾಯಿಸುವವನನ್ನು ‘ಕುಶಲಕರ್ಮಿ’ ಎನ್ನುವ ನಾವೇ ಮರದಿಂದ ಇಳಿದವನನ್ನು ಹೆಸರು ಹಿಡಿದು ಕೂಗಿ ಅಂಗಳದಲ್ಲಿಯೇ ನಿಲ್ಲಿಸಿದೆವು. ಅವನ ಮಗ ಕತ್ತಿಯನ್ನು ಮೂಲೆಗಿಟ್ಟು ಗಲ್ಫಿಗೆ ಹೋದರೆ ಆಶ್ಚರ್ಯವೇನು?

ಮನಸ್ಸು ಮಾಡಿದರೆ ಕಸುಬಿಗೆ ಮರ್ಯಾದೆ ತರಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮದೇ ಕೂಡ್ಲಿನಲ್ಲಿ 1916ರಲ್ಲಿ ಮದರಾಸು ಸರಕಾರ ತೆರೆದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿನ ವಿಜ್ಞಾನಿಗಳು ಹೊಂಬಾಳೆಯ ತುದಿಗೆ ಮಂಜುಗಡ್ಡೆಯ ಪೆಟ್ಟಿಗೆಯನ್ನು ಕಟ್ಟಿ, ರಸವು ಹುಳಿಯುವ ಮೊದಲೇ ಅದನ್ನು ತಣ್ಣಗೆ ಹಿಡಿಯುವ ವಿಧಾನವನ್ನು ರೂಪಿಸಿದರು. ಹಾಗೆ ಹಿಡಿದ ಅಮಲಿಲ್ಲದ ಸಿಹಿ ಪಾನೀಯಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅದರಿಂದ ಸಕ್ಕರೆಯನ್ನೂ ತೆಗೆದರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತರುಣರನ್ನು ತಂಡವಾಗಿ ಸೇರಿಸಿ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿ ಕೊಟ್ಟು, ಅವರನ್ನು ‘ತೆಂಗಿನ ಮರದ ಗೆಳೆಯರು’ ಎಂದು ಕರೆಯಿತು. ಕೇರಳ ಸರಕಾರ ನೀರಾ ಇಳಿಸಲು ಅನುಮತಿ ಕೊಟ್ಟರೂ ಆ ಉದ್ಯಮ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ, ನಿಜ. ಹಣವಿತ್ತು, ಯಂತ್ರವಿತ್ತು, ಹೊಂಬಾಳೆಯ ಮನಸ್ಸನ್ನು ಬಲ್ಲ ಕೈಗಳು ಸಾಕಷ್ಟು ಇರಲಿಲ್ಲ. ಕೈಗಳನ್ನು ಒಮ್ಮೆ ಕಳೆದುಕೊಂಡರೆ ಯೋಜನೆಗಳಿಂದ ಅವನ್ನು ಮರಳಿ ತರುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಪಾಠ.

ಮರದ ಮೇಲೆ ಆದದ್ದೇ ಈಗ ಅಡುಗೆಮನೆಯಲ್ಲಿ ಆಗುತ್ತಿದೆ.

ಹಲಸಿನ ಹಪ್ಪಳದ ದಿನ ಹೇಗಿತ್ತೆಂದು ಐವತ್ತು ದಾಟಿದ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಅವರ ಮೊಮ್ಮಕ್ಕಳಿಗಾಗಿ ಹೇಳಬೇಕಾಗಿದೆ. ಬಲಿತ, ಆದರೆ ಹಣ್ಣಾಗದ ಕಾಯಿಯನ್ನೇ ಕೊಯ್ಯಬೇಕು. ಬಡಿದು ಸದ್ದು ಕೇಳಿ ಬಲಿತದ್ದನ್ನು ಹೇಳಬಲ್ಲವರು ಮನೆಗೊಬ್ಬರು ಇರುತ್ತಿದ್ದರು. ಕೈಗೆ ಎಣ್ಣೆ ಸವರಿ, ಮೇಣ ತೆಗೆದು, ಸೊಳೆ ಬಿಡಿಸಿ, ಅಟ್ಟಿನಳಗೆಯಲ್ಲಿ ಬೇಯಿಸಬೇಕು. ಬೆಂದ ಸೊಳೆ ಬಿಸಿಯಾಗಿರುವಾಗಲೇ ಒರಳಿಗೆ ಬೀಳಬೇಕು. ಆರಿತೋ, ಹಿಟ್ಟು ಒಂದಾಗದು. ಒಬ್ಬರು ಬೇಯಿಸುವಾಗ ಇಬ್ಬರು ಗುದ್ದಬೇಕು, ಒಬ್ಬರು ಉಪ್ಪು ಮೆಣಸು ಕೂಡಿಸಬೇಕು, ಮಕ್ಕಳು ಉಂಡೆ ಕಟ್ಟಬೇಕು, ಮತ್ತೊಬ್ಬರು ಮಣೆಯಲ್ಲಿ ಒತ್ತಬೇಕು, ಇನ್ನೊಬ್ಬರು ಚಾಪೆಯಲ್ಲಿ ಹರಡಿ ಕಾಗೆ ಓಡಿಸಬೇಕು. ಒಬ್ಬಳೇ ಕುಳಿತು ಮಾಡುವ ಕೆಲಸವೇ ಅದಲ್ಲ. ಆದ್ದರಿಂದಲೇ ಇಂದು ಇಬ್ಬರು ಮುದುಕರು ಮಾತ್ರ ಉಳಿದ ಮನೆಗಳಲ್ಲಿ ಹಲಸು ಮರದಡಿಯಲ್ಲಿಯೇ ಕೊಳೆಯುತ್ತದೆ, ಹಪ್ಪಳ ಅಂಗಡಿಯಿಂದ ಬರುತ್ತದೆ. 2018ರಲ್ಲಿ ಕೇರಳವು ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಆ ಪಟ್ಟದಿಂದ ಒಂದು ಸೊಳೆಯೂ ಒರಳಿಗೆ ತಾನಾಗಿ ಬೀಳುವುದಿಲ್ಲ.

ಮದುವೆ ಮುಂಜಿಯ ಮುನ್ನಾದಿನ ನೆರೆಕರೆಯವರು ಮೆಟ್ಟುಕತ್ತಿ ಹಿಡಿದು ಬಂದು ರಾತ್ರಿಯೆಲ್ಲ ತರಕಾರಿ ಕೊರೆಯುತ್ತಿದ್ದುದೂ ಒಂದು ಪಾಠಶಾಲೆಯೇ. ಅವಿಲಿಗೆ ಉದ್ದುದ್ದ, ಸಾಂಬಾರಿಗೆ ಚೌಕ, ಪಲ್ಯಕ್ಕೆ ಸಣ್ಣ ಎಂದು ಹತ್ತು ವರ್ಷದ ಹುಡುಗನೂ ಅಲ್ಲಿ ಕಲಿಯುತ್ತಿದ್ದ. ಪಕ್ಕದಲ್ಲಿ ಯಕ್ಷಗಾನದ ಮಾತು, ರಾಜಕೀಯ, ಹಾಸ್ಯ. ಈಗ ಕೊರೆದ ತರಕಾರಿಯೊಡನೆ ಅಡುಗೆಯೂ ವಾಹನದಲ್ಲಿ ಬಂದಿಳಿಯುತ್ತದೆ. ಅನುಕೂಲವಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಶಾಲೆಯೊಂದು ಮುಚ್ಚಿತು, ಯಾರೂ ಮನವಿ ಸಲ್ಲಿಸಲಿಲ್ಲ.

ಪಾಕಪುಸ್ತಕಗಳಿವೆ, ಫೋನಿನಲ್ಲಿ ಚಿತ್ರಗಳಿವೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಪತ್ರೊಡೆಯನ್ನೇ ತೆಗೆದುಕೊಳ್ಳಿರಿ. ಹುಣಸೆಹುಳಿ ಕಡಿಮೆಯಾದರೆ ಕೆಸುವಿನ ಎಲೆ ಗಂಟಲು ತುರಿಸುತ್ತದೆ. ಎಷ್ಟು ಹುಳಿ ಎಂಬುದನ್ನು ಅಕ್ಕಿಯ ಅಳತೆ ಹೇಳುವುದಿಲ್ಲ, ಎಲೆಯ ಜಾತಿಯೂ ಎಳಸುತನವೂ ಹೇಳುತ್ತವೆ. ಎಲೆಯನ್ನು ಕೈಯಲ್ಲಿ ಹಿಡಿದು ಮಗುಚಿ ನೋಡಿದವರು ತೋರಿಸಿಕೊಡಬೇಕು, ಕಲಿಯುವವನು ತಾನೂ ಹಿಡಿದು ನೋಡಬೇಕು. ಅಕ್ಷರ ಕಣ್ಣಿಗೆ ಹೇಳುತ್ತದೆ. ಅಡುಗೆಯನ್ನು ಬೆರಳಿಗೆ ಹೇಳಬೇಕು.

ಇನ್ನು ನಮ್ಮ ಭಾಷೆಯ ಮಾತು. 1956ರ ನವೆಂಬರ್ 1ರಿಂದ ಇಂದಿನವರೆಗೆ ನಾವು ಕನ್ನಡಕ್ಕಾಗಿ ಎಷ್ಟು ಮನವಿ ಬರೆದೆವು, ಎಷ್ಟು ಧರಣಿ ಕುಳಿತೆವು ಎಂಬುದು ವಾಚಕರಿಗೆ ಗೊತ್ತು. ಆ ಹೋರಾಟ ನಡೆಯಲೇಬೇಕು. ಆದರೆ ಒಂದು ಭಾಷೆ ಕಚೇರಿಯ ಫಲಕದಲ್ಲಿ ಮಾತ್ರ ಬದುಕುವುದಿಲ್ಲ. ಸೊಳೆ, ಬೇಳೆ, ರೆಚ್ಚೆ, ಗೂಂಜು, ಉಪ್ಪುಸೊಳೆ, ಉಂಡ್ಲಕಾಳು, ಮೇಲಾರ, ತಂಬುಳಿ, ಬೋಳುಹುಳಿ ಎಂಬ ಮಾತುಗಳನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? ಈ ಮಾತುಗಳು ಪಠ್ಯಪುಸ್ತಕದಲ್ಲಿ ಇಲ್ಲ, ಬೆಂಗಳೂರಿನ ಕನ್ನಡದಲ್ಲಿಯೂ ಇಲ್ಲ. ಕೆಲಸ ನಿಂತ ದಿನ ಮಾತೂ ನಿಲ್ಲುತ್ತದೆ. ಮಲಯಾಳ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಗು ಕನ್ನಡದ ಪಾಠವನ್ನು ಬೇಸರದಿಂದ ಓದೀತು. ಆದರೆ ಹಪ್ಪಳದ ಉಂಡೆ ಕಟ್ಟುತ್ತ ಹಿಟ್ಟನ್ನೇ ಕದ್ದು ತಿನ್ನುವಾಗ ಕೇಳಿದ ಮಾತನ್ನು ಸಾಯುವವರೆಗೂ ಮರೆಯದು.

ಇದರಲ್ಲಿ ನೆರೆಯವರೊಡನೆ ಜಗಳದ ಪ್ರಶ್ನೆಯೇ ಇಲ್ಲ. ನಮ್ಮ ಸೊಳೆ ಅವರ ಚುಳ, ನಮ್ಮ ಗೂಂಜು ಅವರ ಕೂಞ್. ಒಂದೇ ಹಲಸಿನ ಸುತ್ತ ಕುಳಿತರೆ ಎರಡು ಭಾಷೆಗಳು ಅಕ್ಕತಂಗಿಯರೆಂದು ಮಕ್ಕಳಿಗೆ ಯಾರೂ ಭಾಷಣ ಮಾಡಬೇಕಾಗುವುದಿಲ್ಲ.

ಹಳೆಯ ಕಾಲವನ್ನು ಇಷ್ಟು ನೆನೆದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆ ಚಪ್ಪರದ ಅಡಿಯಲ್ಲಿ ಎಲ್ಲರೂ ಇರಲಿಲ್ಲ. ಹಲಸನ್ನು ಮರದಿಂದ ಇಳಿಸಿದವರು, ಬಾಳೆಲೆ ಕೊಯ್ದು ತಂದವರು, ಸೌದೆ ಒಡೆದವರು ಅಂಗಳದ ಆಚೆಯಲ್ಲಿಯೇ ಉಳಿದರು. ಒರಳಿನ ಸುತ್ತ ಕುಳಿತವರು ಒಂದೇ ಜಾತಿಯವರು. ಒಲೆಯ ಮುಂದೆ ಬೆವರಿದವರು ಹೆಂಗಸರು. ಗಂಡಸರು ದೊಡ್ಡ ಅಡುಗೆಯ ದಿನ ಸೌಟು ಹಿಡಿದರೂ ದಿನದ ಗಂಜಿಗೆ ಕೈ ಹಾಕಲಿಲ್ಲ. ಈ ಒಂದು ವಿಷಯದಲ್ಲಿ ಪೇಟೆಯ ತರಗತಿ ನಮಗಿಂತ ಮೇಲು: ಅಲ್ಲಿ ಪಕ್ಕದವನ ಜಾತಿಯನ್ನು ಯಾರೂ ಕೇಳುವುದಿಲ್ಲ, ಗಂಡುಮಕ್ಕಳೂ ಈರುಳ್ಳಿ ಹೆಚ್ಚುತ್ತಾರೆ. ಅದರ ಕೊರತೆ ಇಷ್ಟೇ, ಹಣವಿಲ್ಲದವನಿಗೆ ಬಾಗಿಲಿಲ್ಲ. ನಾವು ಮತ್ತೆ ಒರಳಿನ ಸುತ್ತ ಕೂರುವುದಾದರೆ ಜಾತಿಯ ಬಾಗಿಲೂ ಇರಬಾರದು, ಹಣದ ಬಾಗಿಲೂ ಇರಬಾರದು. ಇದು ಸಾಧ್ಯವಿಲ್ಲವೆಂದಾದರೆ ಆ ಹಳೆಯ ಕೂಟ ಮರಳಿ ಬರದಿರುವುದೇ ಲೇಸು.

ಆದ್ದರಿಂದ ನಮ್ಮ ಸೂಚನೆಗಳು ಸರಳವಾಗಿವೆ. ಪ್ರತಿಯೊಂದು ಗ್ರಾಮದ ವಾಚನಾಲಯವಾಗಲಿ, ಕನ್ನಡ ಶಾಲೆಯ ರಕ್ಷಕ ಶಿಕ್ಷಕ ಸಂಘವಾಗಲಿ, ಯುವಕ ಸಂಘವಾಗಲಿ ತಿಂಗಳಿಗೊಂದು ದಿನವನ್ನು ಗೊತ್ತು ಮಾಡಲಿ. ಹತ್ತು ಹನ್ನೆರಡು ಮಂದಿ ಸಾಕು. ಬೇಸಗೆಯಲ್ಲಿ ಹಪ್ಪಳ, ಆಟಿಯಲ್ಲಿ ಪತ್ರೊಡೆ, ಅಷ್ಟಮಿಗೆ ಮೂಡೆ, ಮತ್ತೆ ಸೇಮಿಗೆ, ಸಾನ್ನಾಂ, ನೆರೆಯ ಮಾಪಿಳ್ಳೆ ಮನೆಗಳ ಪತ್ತಿರಿ. ನೋಡುವವರು ಬೇಡ, ಬಂದವರೆಲ್ಲ ಕೈ ಹಚ್ಚಬೇಕು. ವೇದಿಕೆ, ಉದ್ಘಾಟನೆ, ಶಾಲು ಹೊದಿಸುವುದು ಯಾವುದೂ ಬೇಡ. ಕಲಿಸುವ ಅಜ್ಜಿಗೆ ಮಾತ್ರ ಸಂಭಾವನೆಯನ್ನು ಕೈಯಲ್ಲಿ ಕೊಡಬೇಕು. ಬಾಯಿಮಾತಿನ ಗೌರವ ಅವರಿಗೆ ಬೇಕಾದಷ್ಟು ಸಿಕ್ಕಿದೆ. ಕುಟುಂಬಶ್ರೀ 1998ರಲ್ಲಿ ಆರಂಭವಾದಂದಿನಿಂದ ನಮ್ಮ ಹೆಂಗಸರು ವಾರಕ್ಕೊಮ್ಮೆ ಒಟ್ಟು ಕೂಡುವ ಅಭ್ಯಾಸವನ್ನು ಮಾಡಿಕೊಂಡಿದ್ದಾರೆ, ಆ ಕಟ್ಟು ಇದಕ್ಕೆ ಒದಗಲಿ. ಅಂದಂದು ಮಾಡಿದ್ದನ್ನು, ಅಜ್ಜಿ ಆಡಿದ ಮಾತಿನಲ್ಲಿಯೇ, ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಒಂದು ಪುಸ್ತಕಕ್ಕೆ ಬರೆದು ವಾಚನಾಲಯದಲ್ಲಿ ಇಡಲಿ.

ಮಕ್ಕಳನ್ನು ಒಮ್ಮೆ ಕೂಡ್ಲಿಗೆ ಕರೆದೊಯ್ದು ಕಲ್ಪರಸದ ವಿಚಾರವನ್ನು ಕೇಳಿಸಿರಿ. ಕಳ್ಳು ಇಳಿಸುವ ಹಿರಿಯರೊಬ್ಬರನ್ನು ಕರೆದು, ಒಳಗೆ ಕುಳ್ಳಿರಿಸಿ, ಅವರ ಕಸುಬಿನ ಕಥೆಯನ್ನು ಅವರ ಬಾಯಿಂದಲೇ ಕೇಳಿರಿ. ಪರವಾನಿಗೆಯಿಲ್ಲದೆ ಮನೆಯಲ್ಲಿ ಕಳ್ಳು ಇಳಿಸುವುದು ಅಪರಾಧ, 23 ವರ್ಷ ತುಂಬದವರಿಗೆ ಈ ರಾಜ್ಯದಲ್ಲಿ ಮದ್ಯ ಕೊಡಬಾರದು ಎಂಬುದನ್ನೂ ಅದೇ ಬಾಯಿಯಲ್ಲಿ ತಿಳಿಸಿರಿ. ಕುಡಿಯುವ ಹಿರಿಯರಿಗೆ ನಮ್ಮ ಮಾತು ಇಷ್ಟೇ: ಬಣ್ಣ ಬೆರೆಸಿದ ಸ್ಪಿರಿಟಿಗೆ ಸುರಿಯುವ ಹಣವನ್ನು ಉಳಿಸಿರಿ, ಅಪರೂಪಕ್ಕೆ, ಹಿತಮಿತವಾಗಿ, ಊರಿನ ಮರದ್ದನ್ನು, ಇಳಿಸಿದವನ ಮುಖ ನೋಡಿ ತೆಗೆದುಕೊಳ್ಳಿರಿ. ಕುಡಿಯದವರು ಕುಡಿಯುವುದು ಬೇಡ, ಕಸುಬನ್ನು ಹೀಗಳೆಯುವುದೂ ಬೇಡ.

ನಮ್ಮ ಬೇಡಿಕೆಗಳಲ್ಲಿ ಹೆಚ್ಚಿನವು ತಿರುವನಂತಪುರದಲ್ಲೋ ದಿಲ್ಲಿಯಲ್ಲೋ ಕಡತಗಳ ಅಡಿಯಲ್ಲಿ ಮಲಗಿವೆ. ಇದೊಂದಕ್ಕೆ ಕಡತ ಬೇಡ, ಸಹಿ ಬೇಡ, ಅನುದಾನ ಬೇಡ. ಮರದಲ್ಲಿ ಕಾಯಿ ಇದೆ, ಮೂಲೆಯಲ್ಲಿ ಒರಳಿದೆ, ಕಲಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ರಜೆಗೆ ಬಂದ ಮಕ್ಕಳು ಹಿಂದಿರುಗುವ ಮೊದಲು, ಮಳೆ ಹಿಡಿಯುವ ಮೊದಲು, ಒಂದು ದಿನ ಅವರನ್ನು ಒಳಗೆ ಕರೆಯಿರಿ. ಹಪ್ಪಳಕ್ಕೆ ನಾಲ್ಕು ಬಿಸಿಲು ಬೇಕು.